ಮಗುವಿನ ಶಸ್ತ್ರಚಿಕಿತ್ಸೆ: ಯಾವುದು ಕಾಯಬಹುದು, ಯಾವುದು ಕಾಯಲಾರದು

ಹಸುಗೂಸಿಗೆ ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ ಕೂಡಲೇ ಮನೆಯಲ್ಲಿ ಎರಡು ಮಾತುಗಳು ಏಳುತ್ತವೆ. ‘ಇಷ್ಟು ಸಣ್ಣ ಕೂಸಿಗೆ ಕತ್ತರಿ ಹಾಕೋದು ಬ್ಯಾಡ, ಇನ್ನಷ್ಟು ಬೆಳೀಲಿ’ ಎಂಬುದು ಒಂದು. ‘ದೊಡ್ಡದಾದ ಮ್ಯಾಲೆ ತಾನಾ ಸರಿಹೋಗ್ತದ’ ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದ ಬಂದ ಮಾತುಗಳೇ. ಕೆಲವು ಕಾಯಿಲೆಗಳಲ್ಲಿ ಈ ಮಾತು ನೂರಕ್ಕೆ ನೂರು ಸರಿ. ಇನ್ನು ಕೆಲವು ಕಾಯಿಲೆಗಳಲ್ಲಿ ಇದೇ ಮಾತು ಮಗುವಿನ ಪ್ರಾಣಕ್ಕೆ ಎರವಾಗುತ್ತದೆ. ಯಾವ ಕಾಯಿಲೆಗೆ ಎಷ್ಟು ಕಾಯಬಹುದು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು ಎಂಬುದನ್ನು ತಿಳಿದುಕೊಳ್ಳುವುದೇ ಈ ಲೇಖನದ ಉದ್ದೇಶ.

ಈ ತಿಳಿವಳಿಕೆ ಊಹೆಯಿಂದ ಬಂದುದಲ್ಲ. ಜಗತ್ತಿನ ನಾನಾ ಆಸ್ಪತ್ರೆಗಳಲ್ಲಿ ಸಾವಿರಾರು ಮಕ್ಕಳನ್ನು ಪರೀಕ್ಷಿಸಿ, ವರ್ಷಗಟ್ಟಲೆ ಗಮನಿಸಿ, ಬರೆದಿಟ್ಟು, ಹೋಲಿಸಿ ನೋಡಿದ ಫಲ ಇದು. ಇದನ್ನೇ ಕ್ಲಿನಿಕಲ್ ಸಂಶೋಧನೆ ಎನ್ನುತ್ತಾರೆ. ಆ ಸಂಶೋಧನೆಯ ಫಲ ನಮ್ಮ ಊರಿನ ತೊಟ್ಟಿಲಿನವರೆಗೆ ತಲುಪುವುದು ಹೇಗೆ ಎಂಬುದನ್ನೂ ನೋಡೋಣ.

ನಾಲ್ಕು ತಾಲೂಕುಗಳು, ಒಂದು ದಾರಿ

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟದ್ದು 1997ರ ಆಗಸ್ಟ್ 24ರಂದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವು ಆಗಿನ ನಾಲ್ಕು ತಾಲೂಕುಗಳು. ಮುಂದೆ ಕುಕನೂರು, ಕಾರಟಗಿ, ಕನಕಗಿರಿ ತಾಲೂಕುಗಳು ಇವುಗಳಿಂದಲೇ ಒಡೆದು ಬಂದವು. ಒಂದೇ ಜಿಲ್ಲೆಯಾದರೂ ಬದುಕು ಒಂದೇ ಬಗೆಯದಲ್ಲ. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಒಣಭೂಮಿ. ಮಳೆ ಕೈಕೊಟ್ಟರೆ ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಗುಳೆ.

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹೆರಿಗೆ, ಮಕ್ಕಳ ಸಾಮಾನ್ಯ ಕಾಯಿಲೆಗಳಿಗೆ ಜನ ಹಿಂದಿನಂತೆ ದೂರ ಹೋಗಬೇಕಾಗಿಲ್ಲ. ಆದರೆ ಹುಟ್ಟಿದ ಮಗುವಿನ ಅನ್ನನಾಳವನ್ನು ಜೋಡಿಸುವಂಥ, ಕರುಳನ್ನು ಬಿಡಿಸುವಂಥ ಕೆಲಸಕ್ಕೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲೇ ವಿಶೇಷ ತರಬೇತಿ ಪಡೆದ ತಜ್ಞರು ಬೇಕು. ಅಂಥವರು ಇಂದಿಗೂ ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದ್ದಾರೆ. ಕೊಪ್ಪಳದಿಂದ ಹುಬ್ಬಳ್ಳಿ 100 ಕಿಲೋಮೀಟರಿಗೂ ದೂರ, ಬಳ್ಳಾರಿಯೂ ಹೆಚ್ಚುಕಡಿಮೆ ನೂರರ ಸುತ್ತ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಬೇಕೆಂದರೆ 350 ಕಿಲೋಮೀಟರಿನಷ್ಟು ದಾರಿ. ಯಲಬುರ್ಗಾದ ಒಳಹಳ್ಳಿಯಲ್ಲಿ ಹುಟ್ಟಿದ ಮಗುವಿನ ಮಟ್ಟಿಗೆ ಕಾಯಿಲೆಯ ಗಡಿಯಾರ ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಹುಟ್ಟಿದ ಹಾಸಿಗೆಯಲ್ಲೇ ಓಡತೊಡಗುತ್ತದೆ.

ಈ ದೂರಕ್ಕೆ ಎಷ್ಟು ಬೆಲೆ ಎಂಬುದನ್ನು ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿದೆ. 74 ದೇಶಗಳ 264 ಆಸ್ಪತ್ರೆಗಳಲ್ಲಿ, ಹೊಟ್ಟೆ ಕರುಳಿಗೆ ಸಂಬಂಧಿಸಿದ ಏಳು ಬಗೆಯ ಹುಟ್ಟು ದೋಷಗಳಿದ್ದ 3,849 ಮಕ್ಕಳ ವಿವರ ಕಲೆಹಾಕಿ 2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ಶ್ರೀಮಂತ ದೇಶಗಳಲ್ಲಿ ಇಂಥ ನೂರು ಮಕ್ಕಳಲ್ಲಿ ತೀರಿಕೊಂಡವರು ಸುಮಾರು 6. ಮಧ್ಯಮ ಆದಾಯದ ದೇಶಗಳಲ್ಲಿ 20. ಬಡ ದೇಶಗಳಲ್ಲಿ 40. ದೋಷ ಅದೇ, ದೇವರು ಕೊಟ್ಟ ಮೈ ಅದೇ. ವ್ಯತ್ಯಾಸವಾದದ್ದು ಸಿಕ್ಕ ಆರೈಕೆಯಲ್ಲಿ: ಎಷ್ಟು ಬೇಗ ಪತ್ತೆಯಾಯಿತು, ದಾರಿಯಲ್ಲಿ ಹೇಗೆ ನೋಡಿಕೊಂಡರು, ತಲುಪಿದ ಮೇಲೆ ಯಾವ ಸೌಲಭ್ಯವಿತ್ತು ಎಂಬುದರಲ್ಲಿ. ಇವುಗಳಲ್ಲಿ ಮೊದಲಿನ ಎರಡು ನಮ್ಮ ನಿಮ್ಮ ಕೈಯಲ್ಲೂ ಇವೆ.

ಸಂಶೋಧನೆ ನಡೆಯುವುದು ಹೇಗೆ?

ಗಂಗಾವತಿಯ ಭತ್ತದ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸ ತಳಿಯ ಬೀಜ ಬಂದಾಗ ಜಾಣ ರೈತ ಇಡೀ ಹೊಲಕ್ಕೆ ಅದನ್ನು ಹಾಕುವುದಿಲ್ಲ. ಒಂದೇ ಮಣ್ಣು, ಒಂದೇ ನೀರು ಇರುವ ಕಡೆ ಅರ್ಧಕ್ಕೆ ಹಳೆಯದು, ಅರ್ಧಕ್ಕೆ ಹೊಸದು ಹಾಕಿ, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುತ್ತಾನೆ. ವೈದ್ಯರೂ ಹೀಗೆಯೇ. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ನಿಜವಾಗಿಯೂ ತಿಳಿಯದಿದ್ದಾಗ, ಒಂದೇ ಬಗೆಯ ಕಾಯಿಲೆಯ ಮಕ್ಕಳನ್ನು, ತಂದೆತಾಯಿಯ ಒಪ್ಪಿಗೆ ಪಡೆದು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಇನ್ನೊಂದು. ವರ್ಷಗಳ ನಂತರ ಎರಡನ್ನೂ ತೂಗುತ್ತಾರೆ. ಚೀಟಿ ಏಕೆಂದರೆ, ವೈದ್ಯರಿಗೆ ಗಟ್ಟಿಮುಟ್ಟಾಗಿ ಕಂಡ ಮಕ್ಕಳೆಲ್ಲ ಒಂದೇ ಕಡೆ ಸೇರಿಬಿಟ್ಟರೆ ತೂಕ ತಪ್ಪುತ್ತದೆ.

ಎರಡು ಉದಾಹರಣೆ ನೋಡಿ. ಅಂಗುಳು ಸೀಳಿರುವ ಮಗುವಿಗೆ 6 ತಿಂಗಳಿಗೇ ಆಪರೇಷನ್ ಮಾಡಬೇಕೆ, 12 ತಿಂಗಳವರೆಗೆ ಕಾಯಬೇಕೆ ಎಂಬ ಚರ್ಚೆ ಬಹಳ ಕಾಲದಿಂದ ಇತ್ತು. ಯುರೋಪು ಮತ್ತು ಬ್ರೆಜಿಲ್‌ನ ಆಸ್ಪತ್ರೆಗಳು 558 ಮಕ್ಕಳನ್ನು ಹೀಗೆ ಎರಡು ಗುಂಪು ಮಾಡಿ, ಐದು ವರ್ಷ ತುಂಬಿದಾಗ ಅವರ ಮಾತನ್ನು ಪರೀಕ್ಷಿಸಿದವು. ಮಾತಾಡುವಾಗ ಮೂಗಿನಿಂದ ಗಾಳಿ ಸೋರುವ ತೊಂದರೆ 6 ತಿಂಗಳಿಗೆ ಆಪರೇಷನ್ ಆದವರಲ್ಲಿ ಶೇಕಡಾ 9ರಷ್ಟು, 12 ತಿಂಗಳಿಗೆ ಆದವರಲ್ಲಿ ಶೇಕಡಾ 15 ಎಂದು 2023ರಲ್ಲಿ ತಿಳಿದುಬಂತು. ಆರೋಗ್ಯವಾಗಿರುವ, ತೂಕ ಸರಿಯಿರುವ ಮಗುವಿಗೆ ಬೇಗ ಮಾಡುವುದೇ ಮೇಲು ಎನ್ನಲು ಈಗ ಆಧಾರ ಸಿಕ್ಕಿದೆ.

ಇನ್ನೊಂದು, ಮತ್ತು ತರುವ ಔಷಧದ ಭಯ. ‘ಮತ್ತು ಕೊಟ್ಟರೆ ಕೂಸಿನ ಬುದ್ಧಿ ಮಂಕಾಗುತ್ತದೆ’ ಎಂಬ ಅಂಜಿಕೆ ನಮ್ಮಲ್ಲಷ್ಟೇ ಅಲ್ಲ, ಎಲ್ಲ ದೇಶಗಳಲ್ಲೂ ಇತ್ತು, ವೈದ್ಯರಲ್ಲೂ ಇತ್ತು. ಏಳು ದೇಶಗಳ 28 ಆಸ್ಪತ್ರೆಗಳಲ್ಲಿ, ಹರ್ನಿಯಾ ಆಪರೇಷನ್‌ಗೆ ಬಂದ 722 ಹಸುಗೂಸುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಪೂರ್ತಿ ಮತ್ತು, ಉಳಿದವರಿಗೆ ಎಚ್ಚರವಿರುವಾಗಲೇ ಸೊಂಟದ ಕೆಳಭಾಗ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಐದು ವರ್ಷವಾದಾಗ ಬುದ್ಧಿಶಕ್ತಿ ಅಳೆದರು. ಎರಡೂ ಗುಂಪು ಸಮ. 2019ರಲ್ಲಿ ಪ್ರಕಟವಾದ ಈ ಫಲಿತಾಂಶ, ಒಂದು ಗಂಟೆಯೊಳಗಿನ ಒಂದು ಸಲದ ಅರಿವಳಿಕೆಯಿಂದ ಮಗುವಿನ ಬುದ್ಧಿಗೆ ಕುಂದಿಲ್ಲ ಎಂದು ಧೈರ್ಯ ಹೇಳಿದೆ. ಆದ್ದರಿಂದ ಮತ್ತಿನ ಭಯಕ್ಕೆ ಅಗತ್ಯದ ಆಪರೇಷನ್ ಮುಂದೂಡಬೇಕಾಗಿಲ್ಲ.

ಗಂಟೆಗಳ ಲೆಕ್ಕದವು

ಈಗ ಕಾಯಿಲೆಗಳಿಗೆ ಬರೋಣ. ಕೆಳಗಿನವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಅಮಾವಾಸ್ಯೆ ಹುಣ್ಣಿಮೆ ನೋಡಬೇಡಿ.

ಹಸಿರು ವಾಂತಿ: ಹಾಲು ಕಕ್ಕುವುದು ಕೂಸುಗಳಿಗೆ ಸಹಜ. ಆದರೆ ವಾಂತಿಯ ಬಣ್ಣ ಹಸಿರಾಗಿದ್ದರೆ, ಹಾಲು ಇಳಿಯುವ ದಾರಿ ಕರುಳಿನಲ್ಲಿ ಎಲ್ಲೋ ಮುಚ್ಚಿದೆ ಎಂದೇ ಮೊದಲು ಭಾವಿಸಬೇಕು. ಕೆಲವು ಮಕ್ಕಳಲ್ಲಿ ಕರುಳು ಗರ್ಭದಲ್ಲಿ ಸರಿಯಾಗಿ ನೆಲೆಗೊಳ್ಳದೆ, ಹುಟ್ಟಿದ ಮೇಲೆ ಹಗ್ಗದಂತೆ ಹುರಿಗೊಳ್ಳುತ್ತದೆ. ಆಗ ರಕ್ತ ಸಂಚಾರ ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಕಪ್ಪಾಗುತ್ತದೆ. ಬೇಗ ಬಿಡಿಸಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಉಳಿಸಲು ಕರುಳೇ ಇರುವುದಿಲ್ಲ.

ಬಾಯಲ್ಲಿ ನೊರೆ: ಹುಟ್ಟಿದ ಕೂಸು ಮತ್ತೆ ಮತ್ತೆ ನೊರೆ ಉಕ್ಕಿಸುತ್ತಿದ್ದರೆ, ಮೊದಲ ಹಾಲಿಗೇ ಕೆಮ್ಮಿ ನೀಲಿಗಟ್ಟಿದರೆ, ಅನ್ನನಾಳ ಹೊಟ್ಟೆಯವರೆಗೆ ಕೂಡಿಲ್ಲದಿರಬಹುದು. ಹನಿ ಹಾಲನ್ನೂ, ಸಕ್ಕರೆ ನೀರನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಕಾಲಕ್ಕೆ ಈ ದೋಷವಿದ್ದ ಮಗು ಬದುಕುತ್ತಲೇ ಇರಲಿಲ್ಲ. 1941ರಲ್ಲಿ ಅಮೆರಿಕದ ಕ್ಯಾಮರಾನ್ ಹೈಟ್ ಎಂಬ ಶಸ್ತ್ರವೈದ್ಯರು ಎರಡು ತುದಿಗಳನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಜೋಡಿಸಿದರು. ಇಂದು ಒಳ್ಳೆಯ ಕೇಂದ್ರಗಳಲ್ಲಿ ಇಂಥ ಮಕ್ಕಳಲ್ಲಿ ಬಹುಪಾಲು ಬದುಕುತ್ತವೆ.

ಮಲದ್ವಾರ ಇಲ್ಲದಿರುವುದು: ಇದನ್ನು ಕಂಡುಹಿಡಿಯಲು ಯಂತ್ರ ಬೇಡ, ಕಾಲೆತ್ತಿ ನೋಡುವ ಕಣ್ಣು ಸಾಕು. ಆದರೂ ಎಷ್ಟೋ ಮಕ್ಕಳು ಹೊಟ್ಟೆ ಉಬ್ಬಿದ ಮೇಲೆಯೇ ಆಸ್ಪತ್ರೆಗೆ ಬರುತ್ತವೆ. ಹೆರಿಗೆ ಮಾಡಿಸಿದವರು ಮೊದಲ ಸ್ನಾನಕ್ಕೆ ಮುಂಚೆಯೇ ಇದನ್ನು ನೋಡಬೇಕು. ಮನೆಯ ಹಿರಿಯ ಹೆಣ್ಣುಮಗಳೂ ನೋಡಲಿ. ಮಲದ್ವಾರ ಇರಬೇಕಾದ ಕಡೆ ಬಿಟ್ಟು ಬೇರೆಡೆಯಿಂದ ಮಲ ಬರುತ್ತಿದ್ದರೂ ತಿಳಿಸಿ.

ಕರುಳಿನೊಳಗೆ ಕರುಳು: ನಾಲ್ಕರಿಂದ ಹತ್ತು ತಿಂಗಳ, ಮೈಕೈ ತುಂಬಿಕೊಂಡ ಮಗು ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರುತ್ತದೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಚೀರುತ್ತದೆ. ಆಮೇಲೆ ಲೋಳೆಯ ಜೊತೆ ಕೆಂಪು ರಕ್ತ ಬೀಳುತ್ತದೆ. ಜನ ಇದನ್ನು ರಕ್ತಭೇದಿ ಎಂದು ತಿಳಿಯುತ್ತಾರೆ. ಇಲ್ಲಿ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ತೂರಿಕೊಂಡಿರುತ್ತದೆ. ಬೇಗ ಬಂದರೆ ಹೊಟ್ಟೆ ಕೊಯ್ಯದೆ, ಗುದದ್ವಾರದಿಂದ ಗಾಳಿ ಅಥವಾ ಉಪ್ಪುನೀರನ್ನು ಒತ್ತಡದಿಂದ ಬಿಟ್ಟು ಬಿಡಿಸಬಹುದು. ತಡವಾದಷ್ಟೂ ಆ ಅವಕಾಶ ಕೈತಪ್ಪುತ್ತದೆ.

ವೃಷಣದ ನೋವು: ಶಾಲೆಗೆ ಹೋಗುವ ಹುಡುಗ ಕೆಳಹೊಟ್ಟೆ ಅಥವಾ ವೃಷಣದ ನೋವೆಂದು ಒದ್ದಾಡಿದರೆ ನಾಚಿಕೆ ಬಿಟ್ಟು ನೋಡಿ. ವೃಷಣ ತಿರುಚಿಕೊಂಡಿದ್ದರೆ ಆರು ಗಂಟೆಯೊಳಗೆ ಬಿಡಿಸಬೇಕು. ಆ ಮೇಲೆ ಉಳಿಯುವ ಆಸೆ ಗಂಟೆಗಂಟೆಗೂ ಕುಗ್ಗುತ್ತದೆ.

ದಿನ, ವಾರ, ತಿಂಗಳುಗಳ ಲೆಕ್ಕದವು

ಹುಟ್ಟಿದ 48 ಗಂಟೆಯೊಳಗೆ ಕೂಸು ಕಪ್ಪು ಮಲ ಮಾಡದಿದ್ದರೆ ವೈದ್ಯರಿಗೆ ತೋರಿಸಬೇಕು. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಒಂದು ಕಾಯಿಲೆಯಿದೆ. ಅದನ್ನು 1886ರಲ್ಲಿ ವಿವರಿಸಿದ ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ ಅವರ ಹೆಸರೇ ಅದಕ್ಕಿದೆ. ಈ ಮಕ್ಕಳು ತಿಂಗಳುಗಟ್ಟಲೆ ಮಲಬದ್ಧತೆಯ ಔಷಧ ಕುಡಿಯುತ್ತ, ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲುಗಳೊಡನೆ ಬೆಳೆಯುವುದುಂಟು.

ಮೂರರಿಂದ ಆರು ವಾರದ ಕೂಸು, ಹಾಲು ಕುಡಿದೊಡನೆ ಚಿಲುಮೆಯಂತೆ ದೂರಕ್ಕೆ ಬಿಳಿ ವಾಂತಿ ಮಾಡಿ, ಮತ್ತೆ ಹಸಿದು ಅಳುತ್ತಿದ್ದರೆ ಜಠರದ ಬಾಯಿ ದಪ್ಪಗಾಗಿರಬಹುದು. 1912ರಿಂದ ನಡೆದುಬಂದಿರುವ ಚಿಕ್ಕ ಆಪರೇಷನ್‌ನಿಂದ ಇದು ಪೂರ್ತಿ ಗುಣವಾಗುತ್ತದೆ.

ಇನ್ನು ಕಾಮಾಲೆಯ ಮಾತು. ಹುಟ್ಟಿದ ಮಕ್ಕಳಿಗೆ ಒಂದು ವಾರ ಮೈ ಹಳದಿಯಾಗುವುದು ಸಾಮಾನ್ಯ. ಎರಡು ವಾರ ಕಳೆದರೂ ಹಳದಿ ಹೋಗದೆ, ಮಲ ಸುಣ್ಣದಂತೆ, ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದು ಬೇರೆಯೇ ವಿಷಯ. ಪಿತ್ತನಾಳ ಮುಚ್ಚಿಹೋಗಿರಬಹುದು. ಜಪಾನಿನ ಮೊರಿಯೊ ಕಸಾಯ್ ಅವರು ರೂಪಿಸಿದ ಆಪರೇಷನ್ ಇದಕ್ಕೆ ಇದೆ. ಮಗುವಿಗೆ 60 ದಿನ ತುಂಬುವುದರೊಳಗೆ ಅದು ಆದರೆ ಫಲ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ತಡವಾದಂತೆ ಯಕೃತ್ತು ಗಟ್ಟಿಯಾಗಿ, ಕೊನೆಗೆ ಬೇರೆಯವರ ಯಕೃತ್ತನ್ನು ಜೋಡಿಸುವುದೊಂದೇ ದಾರಿಯಾಗುತ್ತದೆ.

ಇಲ್ಲಿ ತೈವಾನ್ ದೇಶದ ಅನುಭವ ನಮಗೆ ಪಾಠ. ಅಲ್ಲಿ 2004ರಿಂದ ದೇಶದಾದ್ಯಂತ ಪ್ರತಿ ಬಾಣಂತಿಗೂ ಮಗುವಿನ ಮಲದ ಬಣ್ಣಗಳ ಚಿತ್ರವಿರುವ ಒಂದು ಕಾರ್ಡು ಕೊಡುತ್ತಾರೆ. ಇಂಥ ಬಣ್ಣ ಸರಿ, ಇಂಥದು ಕಂಡರೆ ಕೂಡಲೇ ತಿಳಿಸಿ, ಇಷ್ಟೇ. ಆ ಕಾರ್ಡು ಬಂದ ಮೇಲೆ 60 ದಿನದೊಳಗೆ ಆಪರೇಷನ್ ಆಗುವ ಮಕ್ಕಳ ಪ್ರಮಾಣ ಏರಿತು. ದೊಡ್ಡ ಯಂತ್ರಗಳು ಮಾಡದಿದ್ದ ಕೆಲಸವನ್ನು ತಾಯಿಯ ಕಣ್ಣು ಮಾಡಿತು. ಕಾರ್ಡು ಇಲ್ಲದಿದ್ದರೇನು, ಮೊದಲ ಎರಡು ತಿಂಗಳು ಕೂಸಿನ ಮಲದ ಬಣ್ಣವನ್ನು ಬೆಳಕಿನಲ್ಲಿ ನೋಡುವ ರೂಢಿಯನ್ನು ಯಾವ ಮನೆಯಲ್ಲಾದರೂ ಇಟ್ಟುಕೊಳ್ಳಬಹುದು.

ತೊಡೆಸಂದಿಯಲ್ಲಿ ಅತ್ತಾಗ ಉಬ್ಬಿ, ಮಲಗಿದಾಗ ಇಳಿಯುವ ಗಂಟು ಹರ್ನಿಯಾ. ಮಕ್ಕಳಲ್ಲಿ ಇದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಚಿಕ್ಕ ಮಗುವಾದಷ್ಟೂ ಕರುಳು ಅದರಲ್ಲಿ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಪತ್ತೆಯಾದೊಡನೆ ದಿನ ಗೊತ್ತುಮಾಡಿಸಿಕೊಳ್ಳಿ. ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ಮಗು ವಾಂತಿ ಮಾಡಿದರೆ ಅದು ಗಂಟೆಗಳ ಲೆಕ್ಕಕ್ಕೆ ಬಂತು ಎಂದು ತಿಳಿಯಿರಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಿಷಯ ಮಾತ್ರ ಸ್ವಲ್ಪ ಬೇರೆ. ಅಂಥ ಮಕ್ಕಳಲ್ಲಿ ತುಸು ತಡೆದು ಮಾಡಿದರೆ ತೊಂದರೆ ಕಡಿಮೆ ಎಂದು 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತಿಳಿಸಿದೆ. ಆ ನಿರ್ಧಾರ ತಜ್ಞರದು.

ಗಂಡುಮಗುವಿನ ವೃಷಣ ಚೀಲಕ್ಕೆ ಇಳಿಯದಿದ್ದರೆ ಆರು ತಿಂಗಳವರೆಗೆ ಕಾಯಬಹುದು. ಆಮೇಲೆ ಇಳಿಯುವುದು ಅಪರೂಪ. ಒಂದು ವರ್ಷದೊಳಗೆ, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು. ಮದುವೆಯ ವಯಸ್ಸಿಗೆ ನೋಡಿದರಾಯಿತು ಎನ್ನುವಂತಿಲ್ಲ. ಸ್ವೀಡನ್ನಿನಲ್ಲಿ ಈ ಆಪರೇಷನ್ ಆದ ಸುಮಾರು 17,000 ಗಂಡಸರ ದಾಖಲೆ ನೋಡಿದಾಗ, 13 ವರ್ಷದ ನಂತರ ಮಾಡಿಸಿಕೊಂಡವರಲ್ಲಿ ವೃಷಣದ ಕ್ಯಾನ್ಸರ್ ಸಾಮಾನ್ಯ ಜನರಿಗಿಂತ ಐದು ಪಟ್ಟಿಗೂ ಮೇಲೆ, ಅದಕ್ಕೆ ಮುಂಚೆ ಮಾಡಿಸಿಕೊಂಡವರಲ್ಲಿ ಎರಡು ಪಟ್ಟಿನಷ್ಟು ಎಂದು 2007ರಲ್ಲಿ ಗೊತ್ತಾಯಿತು.

ಕಾಯಬಹುದಾದವು

ಸಂಶೋಧನೆ ಎಂದರೆ ಆಪರೇಷನ್ ಮಾಡಿಸಿ ಎಂದು ಹೇಳುವುದಷ್ಟೇ ಅಲ್ಲ. ಬೇಡ ಎಂದು ಹೇಳುವುದೂ ಹೌದು. ಹೊಕ್ಕುಳು ಉಬ್ಬಿರುವುದು ಹೆಚ್ಚಿನ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಕೂಡಿಕೊಳ್ಳುತ್ತದೆ. ಅದರ ಮೇಲೆ ನಾಣ್ಯವಿಟ್ಟು ಬಟ್ಟೆ ಬಿಗಿಯುವುದರಿಂದ ಚರ್ಮ ಹುಣ್ಣಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಹುಟ್ಟಿದಾಗಿನಿಂದ ವೃಷಣದ ಸುತ್ತ ನೀರು ತುಂಬಿದ್ದರೆ, ಜೊತೆಗೆ ಹರ್ನಿಯಾ ಇಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಒಂದೆರಡು ವರ್ಷ ಕಾಯಬಹುದು. ಚಿಕ್ಕ ಹುಡುಗರ ಶಿಶ್ನದ ಮುಂದೊಗಲು ಹಿಂದಕ್ಕೆ ಸರಿಯದಿರುವುದು ಸಹಜ, ಬಲವಂತವಾಗಿ ಎಳೆಯಬಾರದು. ಇಂಥವಕ್ಕೆ ‘ಈಗಲೇ ಮಾಡಿಸಿ’ ಎಂದು ಯಾರಾದರೂ ಆತುರಪಡಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

ಯಾವ ಕಾಯಿಲೆಗೂ ಬರೆ ಹಾಕಿಸಬೇಡಿ. ಹೊಟ್ಟೆ ಉಬ್ಬಿದ ಕೂಸಿಗೆ ಕಾಯಿಸಿದ ಬಳೆಯಿಂದಲೋ ಊದುಬತ್ತಿಯಿಂದಲೋ ಸುಡುವ ರೂಢಿ ನಮ್ಮ ಕೆಲವು ಊರುಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಒಳಗೆ ಮುಚ್ಚಿದ ಕರುಳು ಹೊರಗಿನ ಬೆಂಕಿಗೆ ತೆರೆಯುವುದಿಲ್ಲ. ಸುಟ್ಟ ಗಾಯ ನಂಜೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬರೆ ಹಾಕಿ ‘ನಾಳೆ ನೋಡೋಣ’ ಎನ್ನುವಷ್ಟರಲ್ಲಿ ಇದ್ದ ಗಂಟೆಗಳೂ ಕಳೆದುಹೋಗುತ್ತವೆ.

ದಾರಿಯಲ್ಲಿ ಏನು ಮಾಡಬೇಕು?

ದೊಡ್ಡ ಆಸ್ಪತ್ರೆಗೆ ಕಳಿಸಿದ ಕೂಸಿಗೆ ದಾರಿಯ ಎರಡು ಗಂಟೆಯೂ ಚಿಕಿತ್ಸೆಯೇ. ಬಾಯಿಗೆ ಏನೂ ಹಾಕಬಾರದು ಎಂದು ವೈದ್ಯರು ಹೇಳಿದ್ದರೆ ಹಾಲು, ನೀರು, ಜೇನು ಯಾವುದೂ ಬೇಡ. ಮಗುವಿನ ಮೈ ತಣ್ಣಗಾಗಲು ಬಿಡಬಾರದು. ತಲೆಗೆ ಟೋಪಿ, ತಾಯಿಯ ಅಥವಾ ಅಜ್ಜಿಯ ಎದೆಗೆ ಮೈಗೆ ಮೈ ತಾಗಿಸಿ ಮೇಲೆ ದುಪ್ಪಟಿ. ವಾಂತಿ ಮಾಡುವ ಮಗುವನ್ನು ಪಕ್ಕಕ್ಕೆ ಮಲಗಿಸಿ. ಕಳಿಸುವ ವೈದ್ಯರಿಂದ ಚೀಟಿ ಪಡೆಯಿರಿ. ಹೊರಡುವ ಮುನ್ನ ಅವರೇ ಆ ಆಸ್ಪತ್ರೆಗೆ ಫೋನು ಮಾಡಿ ಜಾಗವಿದೆಯೇ ಎಂದು ಕೇಳಲಿ. ಬಾಗಿಲಿಂದ ಬಾಗಿಲಿಗೆ ಅಲೆಯುವುದು ತಪ್ಪುತ್ತದೆ.

2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪಡಿತರ ಚೀಟಿಯ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಸರೆ ಇದೆ. ಪಡಿತರ ಚೀಟಿ, ಆಧಾರ್ ಕಾರ್ಡು, ತಾಯಿ ಕಾರ್ಡು ಈ ಮೂರನ್ನು ಹೆರಿಗೆಯ ಚೀಲದಲ್ಲೇ ಇಟ್ಟುಕೊಂಡಿರಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಸೀಳು ತುಟಿ, ಸೊಟ್ಟ ಪಾದ, ಬೆನ್ನುಹುರಿಯ ದೋಷ, ಹೃದಯದ ದೋಷ ಇವೆಲ್ಲ ಆ ಪಟ್ಟಿಯಲ್ಲಿವೆ. ತಂಡ ಬರುವ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ.

ಹುಟ್ಟುವ ಮೊದಲೇ ತಡೆಯಬಹುದೇ?

ಎಲ್ಲವನ್ನೂ ಅಲ್ಲ, ಆದರೆ ಕೆಲವನ್ನು ಖಂಡಿತ. ಮಗುವಿನ ಬೆನ್ನುಹುರಿ ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲೇ ಮುಚ್ಚಿಕೊಳ್ಳಬೇಕು. ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ. ಮುಚ್ಚದಿದ್ದರೆ ಬೆನ್ನ ಮೇಲೆ ನೀರಿನ ಗಂಟಿನೊಡನೆ ಮಗು ಹುಟ್ಟುತ್ತದೆ. ಆಪರೇಷನ್ ಆದರೂ ಕಾಲಿನ ಬಲ, ಮೂತ್ರದ ಹತೋಟಿ ಕುಂದಿರಬಹುದು. ಇಂಥ ಮಗುವನ್ನು ಹೆತ್ತ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಈ ದೋಷ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಗಿತ್ತು. ಅಗ್ಗದ ಒಂದು ಮಾತ್ರೆ! ಮಗು ಬೇಕೆಂದು ಬಯಸುವ ಪ್ರತಿ ಹೆಣ್ಣುಮಗಳೂ ಗರ್ಭ ನಿಲ್ಲುವ ಒಂದೆರಡು ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳುವುದು ಒಳ್ಳೆಯದು. ಹಿಂದೆ ಇಂಥ ಮಗು ಹುಟ್ಟಿದ್ದರೆ ಪ್ರಮಾಣ ಹತ್ತು ಪಟ್ಟು ಹೆಚ್ಚು. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಸೋದರಮಾವ, ಅಕ್ಕನ ಮಗಳು, ಅತ್ತೆಯ ಮಗ ಎಂಬ ಸಂಬಂಧಗಳಲ್ಲಿ ಮದುವೆ ನಮ್ಮಲ್ಲಿ ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ನಡೆದ ಅಧ್ಯಯನದಲ್ಲಿ ಮೂರರಲ್ಲಿ ಒಂದರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗಿದ್ದವು. ಇಂಥ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಹುಟ್ಟು ದೋಷದ ಸಂಭವ ಬೇರೆಯವರಿಗಿಂತ ಹೆಚ್ಚು. ಆದ್ದರಿಂದ ಇಂಥ ಗರ್ಭಿಣಿಯರು ಐದನೇ ತಿಂಗಳಿನ ಸ್ಕ್ಯಾನಿಂಗ್ ತಪ್ಪಿಸಬಾರದು. ದೋಷ ಮುಂಚೆಯೇ ತಿಳಿದರೆ, ತಜ್ಞರಿರುವ ಊರಿನಲ್ಲೇ ಹೆರಿಗೆ ಮಾಡಿಸಬಹುದು. ಹುಟ್ಟಿದ ಮೇಲೆ ನೂರು ಕಿಲೋಮೀಟರು ಓಡುವುದಕ್ಕಿಂತ ಹೊಟ್ಟೆಯಲ್ಲಿದ್ದಾಗ ಹೋಗುವುದು ಕೂಸಿಗೆ ಸುರಕ್ಷಿತ.

ಮರಳಿ ತೋರಿಸುವುದೇ ಅರ್ಧ ಚಿಕಿತ್ಸೆ

ಮಲದ್ವಾರವಿಲ್ಲದೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಒಂದೇ ಆಪರೇಷನ್‌ನಲ್ಲಿ ಕೆಲಸ ಮುಗಿಯುವುದಿಲ್ಲ. ಮೊದಲು ಹೊಟ್ಟೆಯ ಮೇಲೆ ಮಲ ಹೊರಬರಲು ತಾತ್ಕಾಲಿಕ ದಾರಿ. ಕೆಲವು ತಿಂಗಳ ನಂತರ ಮಲದ್ವಾರ ರಚನೆ. ಮೆಕ್ಸಿಕೋದ ಅಲ್ಬರ್ಟೋ ಪೆನ್ಯ 1980ರಲ್ಲಿ ಆರಂಭಿಸಿದ ವಿಧಾನ ಈಗ ಜಗತ್ತಿನೆಲ್ಲೆಡೆ ನಡೆಯುತ್ತಿದೆ. ಆಮೇಲೆ ಆ ದ್ವಾರ ಕಿರಿದಾಗದಂತೆ ಮನೆಯಲ್ಲೇ ದಿನವೂ ಹಿಗ್ಗಿಸುವ ಕೆಲಸ. ಕೊನೆಗೆ ಹೊಟ್ಟೆಯ ಮೇಲಿನ ದಾರಿ ಮುಚ್ಚುವುದು. ನಡುವೆ ಸುಗ್ಗಿ ಬರುತ್ತದೆ, ಗುಳೆ ಬರುತ್ತದೆ, ಬಾಣಂತಿ ತವರಿನಿಂದ ಗಂಡನ ಮನೆಗೆ ಹೋಗುತ್ತಾಳೆ, ಕಾಗದಪತ್ರ ತವರಿನಲ್ಲೇ ಉಳಿಯುತ್ತದೆ. ಮಗು ಒಂದು ಹಂತದಲ್ಲೇ ನಿಂತುಬಿಡುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲೂ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು, ವಾಸನೆಗೆ ಅಂಜಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಮಗುವಿನ ಸಂಕಟ ಆಪರೇಷನ್ ಕೆಟ್ಟದ್ದರಿಂದ ಬಂದುದಲ್ಲ, ಮುಗಿಯದಿದ್ದರಿಂದ ಬಂದದ್ದು.

ಸೊಟ್ಟ ಪಾದದ ಮಾತೂ ಇದೇ. ಅಮೆರಿಕದ ಐಯೋವಾದಲ್ಲಿ ಇಗ್ನೇಷಿಯೊ ಪೊನ್ಸೆಟಿ ಎಂಬ ವೈದ್ಯರು ದೊಡ್ಡ ಆಪರೇಷನ್ ಇಲ್ಲದೆ, ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಿ ಪಾದವನ್ನು ನೇರಮಾಡುವ ವಿಧಾನ ರೂಪಿಸಿದರು. ಅವರ ಹಳೆಯ ರೋಗಿಗಳನ್ನು ಸರಾಸರಿ 34 ವರ್ಷದ ವಯಸ್ಸಿನಲ್ಲಿ ಮತ್ತೆ ಹುಡುಕಿ ಪರೀಕ್ಷಿಸಿದ ವರದಿ 1995ರಲ್ಲಿ ಬಂತು. ನೂರಕ್ಕೆ 78 ಜನರ ಪಾದ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆ ವರದಿಯ ನಂತರ ಜಗತ್ತು ಈ ವಿಧಾನದತ್ತ ತಿರುಗಿತು. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ವಿಶೇಷ ಬೂಟು ಹಾಕದಿದ್ದರೆ ಪಾದ ಮತ್ತೆ ಸೊಟ್ಟಗಾಗುತ್ತದೆ. ಅಲ್ಲಿ ವೈದ್ಯರ ಕೈಗಿಂತ ತಾಯಿಯ ಕೈ ದೊಡ್ಡದು.

ಗಮನಿಸಿ, ಆ ಹಳೆಯ ರೋಗಿಗಳು ಮತ್ತೆ ಬಂದು ತೋರಿಸಿಕೊಂಡಿದ್ದರಿಂದಲೇ ಇಂದು ನಮ್ಮ ಮಕ್ಕಳಿಗೆ ದೊಡ್ಡ ಆಪರೇಷನ್ ತಪ್ಪಿತು. ನೀವು ಮಗುವನ್ನು ಮರಳಿ ತೋರಿಸಿದಾಗ ನಿಮ್ಮ ಮಗುವಿಗೆ ಒಳ್ಳೆಯದಾಗುತ್ತದೆ. ಜೊತೆಗೆ ಆ ದಾಖಲೆ ಮುಂದೆ ಹುಟ್ಟುವ ಇನ್ನೊಂದು ಮಗುವಿಗೂ ದಾರಿ ತೋರುತ್ತದೆ.

ಆಸ್ಪತ್ರೆಯಲ್ಲಿ ‘ನಿಮ್ಮ ಮಗುವನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದೇ’ ಎಂದು ಕೇಳಿದರೆ ಗಾಬರಿಪಡಬೇಡಿ, ಕುರುಡಾಗಿ ಒಪ್ಪಲೂ ಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಗಳ ಪ್ರಕಾರ ನಿಮಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ, ಎಲ್ಲವನ್ನೂ ವಿವರಿಸಬೇಕು. ನೀತಿ ಸಮಿತಿಯ ಒಪ್ಪಿಗೆ ಇರಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಹೊರಬಂದ ಕಾರಣಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ: ಇದರಿಂದ ನನ್ನ ಮಗುವಿಗೆ ಆಗಬಹುದಾದ ತೊಂದರೆ ಏನು? ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ? ಉತ್ತರ ಸ್ಪಷ್ಟವಾದ ಮೇಲೆಯೇ ಸಹಿ ಹಾಕಿ.

ಕಡೆಯದಾಗಿ ಒಂದು ಸಣ್ಣ ಕೆಲಸ. ಮಗುವಿನ ಆಪರೇಷನ್ ಚೀಟಿ, ಎಕ್ಸ್‌ರೇ, ಬಿಡುಗಡೆಯ ಕಾಗದ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಮುಂದಿನ ತಾರೀಖನ್ನು ದೊಡ್ಡದಾಗಿ ಬರೆಯಿಸಿ. ಗುಳೆ ಹೋಗುವುದಿದ್ದರೆ ಆ ಚೀಲವೂ ನಿಮ್ಮೊಡನೆ ಬರಲಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಆ ಕಾಗದ ತೋರಿಸಿ ಮುಂದಿನ ಚಿಕಿತ್ಸೆ ಕೇಳಬಹುದು. ಊರಲ್ಲೇ ಉಳಿಯುವುದಿದ್ದರೆ ಆ ತಾರೀಖನ್ನು ಆಶಾ ಕಾರ್ಯಕರ್ತೆಗೂ ಹೇಳಿಡಿ.